ನಡುವೆ ಬಿಟ್ಟ ಸೊಲ್ಲು

ಬ್ಯಾರನ್ ಅನ್ನುವ ಒಲೆಮನೆಯಲ್ಲಿ ಹೊಗೆಸೊಪ್ಪು ಬೇಯುವ ಕಾಲದಲ್ಲಿ ಪಿರಿಯಾಪಟ್ಟಣದ ಕಡೆಯ ಊರುಗಳಲ್ಲಿ ಯಾರು ಕೆಮ್ಮಿದರೂ ಯಾರೂ ತಿರುಗಿ ನೋಡುವುದಿಲ್ಲ. "ಸೊಪ್ಪಿನ ಘಾಟು ಕಣ್ಲಾ" ಅಂದರೆ ಮಾತು ಮುಗಿಯಿತು. ಚಿಕ್ಕಬೀರಮ್ಮನ ಕೆಮ್ಮನ್ನೂ ಊರು ಹಾಗೇ ಬಿಟ್ಟಿತ್ತು. ಅವಳೂ ಬಿಟ್ಟಿದ್ದಳು.

ಈ ಚಿಕ್ಕಬೀರಮ್ಮ ಅಂತಿಂಥ ಹೆಂಗಸಲ್ಲ. ಸುತ್ತಲ ಊರಿನಲ್ಲಿ ಮದುವೆ ಗೊತ್ತಾದರೆ ಮೊದಲು ಇವಳಿಗೆ ವೀಳ್ಯ ಕೊಟ್ಟು, ಆಮೇಲೆ ಓಲಗದವರನ್ನು ಹುಡುಕುತ್ತಿದ್ದರು. ಸೋಬಾನೆ ಪದದ ಮೊದಲ ಸೊಲ್ಲು ಇವಳದು, ಅದಕ್ಕೆ ಎದುರು ಸೊಲ್ಲು ಓರಗಿತ್ತಿ ಪುಟ್ಟಮಲ್ಲಮ್ಮನದು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಲು ಹೆಂಗಸರು ಎದುರುಬದುರು ಕೂತಾಗಲೂ ಇವರಿಬ್ಬರ ಹಾಡು ಬೇಕೇ ಬೇಕು. ಹಾಡಿಲ್ಲದಿದ್ದರೆ ಕೈ ಓಡುವುದಿಲ್ಲ.

ಒಂದು ದಿನ ಅಂಗನವಾಡಿಯ ಸುನಂದಮ್ಮ ಬ್ಯಾರನ್ ಮುಂದೆ ಹಾದುಹೋಗುತ್ತಿದ್ದವಳು ಹಾಡು ಕೇಳಿ ನಿಂತಳು. ಚಿಕ್ಕಬೀರಮ್ಮ ತಾನೇ ಕಟ್ಟಿದ ಪದ ಹೇಳುತ್ತಿದ್ದಳು.

"ಹಿತ್ತಲ ಹೀರೆಬಳ್ಳಿ ನೆಲಕೊರಗಿ ಬಿದ್ದಾದೆ
ಎತ್ತಿ ಕಟ್ಟೆ ತಂಗಿ ಚಪ್ಪರಕೆ..."

ಇಷ್ಟನ್ನೂ ಒಂದೇ ಉಸಿರಿಗೆ ಹೇಳುವುದು ಅವಳ ಗತ್ತು. ಅವತ್ತು "ಎತ್ತಿ ಕಟ್ಟೆ" ಅನ್ನುವಷ್ಟರಲ್ಲಿ ಉಸಿರು ನಿಂತಿತು. ಉಳಿದದ್ದನ್ನು ಪುಟ್ಟಮಲ್ಲಮ್ಮ ಗಬಕ್ಕನೆ ಎತ್ತಿಕೊಂಡಳು. ಮುಂದಿನ ಸೊಲ್ಲೂ ಹಾಗೇ ಆಯಿತು.

"ಬೀರಕ್ಕ, ಯಾವಾಗ್ಲಿಂದ ಇಂಗೆ ನಡುವೆ ಸೊಲ್ಲು ಬುಡ್ತಿದ್ದೀರಿ?" ಎಂದು ಸುನಂದಮ್ಮ ಕೇಳಿದಳು.

"ಸೊಪ್ಪಿನ ಘಾಟು ಕಣ್ ಟೀಚರಮ್ಮ."

"ಘಾಟಿಗೆ ಮೈ ಕರಗ್ತದಾ? ರವಿಕೆ ಜೋಲಾಡ್ತಾ ಅದೆ. ಸಂಜೆ ಒತ್ತು ಜ್ವರ ಬತ್ತದಾ?"

ಚಿಕ್ಕಬೀರಮ್ಮ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಬೆಳಿಗ್ಗೆ ಕೆಮ್ಮಿದಾಗ ಅದರಲ್ಲಿ ಕೆಂಪು ಕಂಡಿತ್ತು. ಗಂಡನಿಗೂ ಹೇಳಿರಲಿಲ್ಲ.

ಸುನಂದಮ್ಮ ಬಿಡುವ ಪೈಕಿ ಅಲ್ಲ. ಅವಳನ್ನು ಹುಣಸೂರಿನ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದಳು. ಕ್ಷಯ ಅಂತ ಗೊತ್ತಾಯಿತು. ಡಾಟ್ಸ್ ಚಿಕಿತ್ಸೆ ನಮ್ಮ ಕಡೆಗೆ ಹೊಸದಾಗಿ ಬಂದಿದ್ದ ಕಾಲ ಅದು. ಮಾತ್ರೆಗೆ ಕಾಸು ಕೊಡಬೇಕಿಲ್ಲ, ಆದರೆ ಸುನಂದಮ್ಮನ ಕಣ್ಣೆದುರಿಗೇ ನುಂಗಬೇಕು. ಆರು ತಿಂಗಳು, ಒಂದನ್ನೂ ತಪ್ಪಿಸುವ ಹಾಗಿಲ್ಲ.

ಗಂಡ ಮಂಟಯ್ಯ ಸುದ್ದಿ ಕೇಳಿ ತಲೆ ಮೇಲೆ ಕೈಹೊತ್ತು ಕೂತ. "ಅಯ್ಯೋ, ಇದ್ಯಾರ ಕಣ್ಣು ಬಿತ್ತಮ್ಮಿ! ಅಷ್ಟೊಂದು ಚಂದಾಗಿ ಪದ ಆಡ್ಬೇಡ ಅಂತ ಬಡ್ಕೊಂಡೆ!"

ಹಾಗಂದವನೇ ಸೊಪ್ಪು ತುಂಬುವ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳಿಗೆ ಚಾಪೆ ಹಾಸಿದ. ತಟ್ಟೆ ಬೇರೆ, ಲೋಟ ಬೇರೆ. ಸೊಪ್ಪು ಕಟ್ಟುವ ಹೆಂಗಸರು ಆ ಬಾಗಿಲ ಕಡೆಗೆ ಮುಖ ಮಾಡಲಿಲ್ಲ. ಹಾಡಿನ ನಡುವೆಯೇ ಬದುಕಿದವಳಿಗೆ ಆ ಮೌನ ರೋಗಕ್ಕಿಂತ ಹೆಚ್ಚಾಗಿ ಕೊಂದಿತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. "ಸತ್ತೋಗ್ಬುಟ್ರೆ ಎಲ್ರಿಗೂ ನೆಮ್ಮದಿ ಬುಡಿ" ಎಂದು ಒಂದು ದಿನ ಮಾತ್ರೆಯನ್ನು ದೂರ ತಳ್ಳಿದಳು.

ಸುನಂದಮ್ಮ ಮಂಟಯ್ಯನ ಮೇಲೆ ಹರಿಹಾಯ್ದಳು. "ಮಂಟಣ್ಣ, ಗಾಳಿ ಬೆಳಕಿಲ್ದ ಕ್ವಾಣೆಲಿ ಈ ಕಾಯ್ಲೆ ಇನ್ನೂ ಹೆಚ್ಚಾಯ್ತದೆ. ಜಗಲಿಗೆ ಕರ್ಕೊಂಡು ಬನ್ನಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡ್ಕೊಂಡ್ರೆ ಸಾಕು. ತಟ್ಟೆಯಿಂದ ಇದು ಅಂಟಲ್ಲ."

"ನಂಗೇನೂ ತಿಳಿಯಾಕಿಲ್ಲ ಕಣವ್ವ. ಮನೇಲಿ ಮೊಮ್ಮಗ ಅವ್ನೆ, ಎದ್ರಿಕೆ."

"ಎದ್ರಿಕೆ ಇರ್ಲಿ. ಅದ್ಕೇ ಗುಳಿಗೆ ತಪ್ಪಿಸ್ಬೇಡಿ ಅನ್ನೋದು. ಮೊಮ್ಮಗನ್ನೂ ಒಂದ್ಸಲ ಡಾಕ್ಟ್ರಿಗೆ ತೋರ್ಸುವ."

ಮರುದಿನ ಸುನಂದಮ್ಮ ಮಾತ್ರೆಯ ಜೊತೆಗೆ ಪುಟ್ಟಮಲ್ಲಮ್ಮನನ್ನೂ ಎಳೆದುಕೊಂಡು ಬಂದಳು. ಪುಟ್ಟಮಲ್ಲಮ್ಮ ಹೆದರುತ್ತಲೇ ಅಂಗಳದ ಆಚೆ ತುದಿಯ ಕಲ್ಲಿನ ಮೇಲೆ ಕೂತಳು. ಕಣ್ಣೀರು ಒರೆಸಿಕೊಂಡು ಮೊದಲ ಸೊಲ್ಲನ್ನು ತಾನೇ ಎತ್ತಿದಳು.

"ಹಿತ್ತಲ ಹೀರೆಬಳ್ಳಿ ನೆಲಕೊರಗಿ ಬಿದ್ದಾದೆ..."

ಮಂಟಯ್ಯ ಅಷ್ಟರಲ್ಲಿ ಚಿಕ್ಕಬೀರಮ್ಮನ ಚಾಪೆಯನ್ನು ಜಗಲಿಗೆ ತಂದು ಹಾಸಿದ್ದ. ಡಾಕ್ಟರು ಸದ್ಯಕ್ಕೆ ದನಿ ಎತ್ತಬೇಡ ಅಂದಿದ್ದರು. ಅವಳು ಬಾಯಿ ಮುಚ್ಚಿಕೊಂಡೇ ಗುನುಗಿದಳು. ಆಮೇಲೆ ಮಾತ್ರೆ ನುಂಗಿದಳು. ಅಂದಿನಿಂದ ಅದೇ ವಾಡಿಕೆಯಾಯಿತು. ಮೊದಲು ಅಂಗಳದಿಂದ ಹಾಡು, ಆಮೇಲೆ ಮಾತ್ರೆ. ದಿನ ಕಳೆದಂತೆ ಗುನುಗು ಮಾತಾಯಿತು, ಮಾತು ಹಾಡಾಯಿತು. ಬದುಕುತ್ತೀನಿ ಅನ್ನುವ ಆಸೆ ಅವಳಿಗೆ ಮತ್ತೆ ಹುಟ್ಟಿತು.

ದೀಪಾವಳಿ ಹೊತ್ತಿಗೆ ಮೈ ತುಂಬಿಕೊಂಡಿತು. ಕೆಮ್ಮು ಹೋಯಿತು. ಇಡೀ ಸೊಲ್ಲು ಒಂದೇ ಉಸಿರಿಗೆ ಬಂತು. ಎಡವಟ್ಟಾದದ್ದು ಇಲ್ಲೇ.

ಕಾರ್ತಿಕ ಮಾಸದಲ್ಲಿ ಮಿರ್ಲೆಯಲ್ಲಿ ನೆಂಟರ ಮನೆ ಮದುವೆ. ಅಲ್ಲಿಂದ ವೀಳ್ಯ ಬಂತು. "ಗಂಟ್ಲು ಬಂತಲ್ಲಮ್ಮಿ, ಇನ್ಯಾತರ ಗುಳಿಗೆ? ಗುಳಿಗೆ ನುಂಗೋಳು ಅಂದ್ರೆ ಚಪ್ಪರಕ್ಕೆ ಸೇರಿಸ್ತಾರಾ?" ಎಂದ ಮಂಟಯ್ಯ. ಚಿಕ್ಕಬೀರಮ್ಮನಿಗೂ ಬೇಕಾಗಿದ್ದದ್ದು ಅದೇ ಮಾತು. ದನಿ ಬಂದಿದೆ ಅಂದಮೇಲೆ ರೋಗ ಹೋಗಿದೆ ಅಂತ ಅವಳೂ ನಂಬಿದಳು. ಸುನಂದಮ್ಮನಿಗೆ ಹೇಳದೆ ಪುಟ್ಟಮಲ್ಲಮ್ಮನೂ ಸೇರಿ ಮನೆಮಂದಿಯೆಲ್ಲ ಬಸ್ಸು ಹತ್ತಿದರು. ಒಂದು ಮದುವೆ ಮುಗಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಮನೆಗೆ ಬೀಗ, ಬೀಗದ ಮುಂದೆ ಮಾತ್ರೆ ಹಿಡಿದ ಸುನಂದಮ್ಮ.

ಕೊನೆಗೆ ನೆರೆಮನೆಯವರನ್ನು ಕೇಳಿಕೊಂಡು ಅವಳೇ ಮಿರ್ಲೆಗೆ ಬಂದಳು. ಚಪ್ಪರದಲ್ಲಿ ಆಗತಾನೇ ಅರಿಶಿನ ಶಾಸ್ತ್ರ ಶುರುವಾಗಿತ್ತು. ಮದುಮಗಳ ಮಗ್ಗುಲಲ್ಲೇ ಚಿಕ್ಕಬೀರಮ್ಮ ಕೂತಿದ್ದಳು. ಮಂಟಯ್ಯ ಸುನಂದಮ್ಮನನ್ನು ಚಪ್ಪರದ ಬಾಯಲ್ಲೇ ತಡೆದ. "ಟೀಚರಮ್ಮ, ಕೈ ಮುಗೀತೀನಿ, ಇಲ್ಲಿ ಬಾಯಿ ಬುಡ್ಬೇಡಿ. ಮಾನ ಹೊಂಟೋಯ್ತದೆ."

"ಮಂಟಣ್ಣ, ಕಾಯ್ಲೆ ಹೋಗಿಲ್ಲ, ಮಲ್ಗಿಕೊಂಡದೆ. ಗುಳಿಗೆ ಬುಟ್ರೆ ಮತ್ತೆ ಏಳ್ತದೆ. ಆಮ್ಯಾಕೆ ಈ ಗುಳಿಗೆಗೂ ಬಗ್ಗದಂಗೆ ಆಗ್ಬೌದು. ಆಗ ನಿಮ್ಮೆಂಡ್ರನ್ನ ಎಲ್ಲಿಂದ ತತ್ತೀರಿ?"

ಚಿಕ್ಕಬೀರಮ್ಮನ ಕಣ್ಣು ಇವರ ಮೇಲೆಯೇ ಇತ್ತು. ಬೇಡ ಎನ್ನುವಂತೆ ತಲೆಯಾಡಿಸಿ ಪದ ಎತ್ತಿದಳು. ದನಿ ಚಪ್ಪರ ತುಂಬಿತು. ಎರಡನೆಯ ಸುತ್ತಿಗೆ ಅದೇ ಹೀರೆಬಳ್ಳಿಯ ಸೊಲ್ಲು ಬಂತು. "ಎತ್ತಿ ಕಟ್ಟೆ..." ಅಷ್ಟೇ. ಉಸಿರು ನಿಂತಿತು.

ಪುಟ್ಟಮಲ್ಲಮ್ಮ ಗಬಕ್ಕನೆ ಉಳಿದದ್ದನ್ನು ಎತ್ತಿಕೊಂಡಳು. ನೆರೆದವರಿಗೆ ಏನೂ ತಿಳಿಯಲಿಲ್ಲ. ತಿಳಿದದ್ದು ಓರಗಿತ್ತಿಯರಿಗೆ ಮತ್ತು ಸುನಂದಮ್ಮನಿಗೆ ಮಾತ್ರ. ಚಿಕ್ಕಬೀರಮ್ಮ ಪಕ್ಕಕ್ಕೆ ನೋಡಿದಳು. ಅರಿಶಿನ ಮೆತ್ತಿದ ಮದುಮಗಳು ಅವಳ ಭುಜಕ್ಕೆ ಒರಗಿಕೊಂಡು ನಗುತ್ತಿದ್ದಳು. ಆ ಹುಡುಗಿಯ ಮುಖಕ್ಕೂ ತನ್ನ ಬಾಯಿಗೂ ಗೇಣು ದೂರವಿರಲಿಲ್ಲ.

ಪದ ಮುಗಿಯುವ ತನಕ ಮೊದಲ ಸೊಲ್ಲಿನವಳು ಚಾಪೆ ಬಿಟ್ಟು ಏಳಬಾರದು. ಅದು ಹಿಂದಿನಿಂದ ಬಂದ ಕಟ್ಟಳೆ. ಚಿಕ್ಕಬೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುನಿಂತಳು. ಚಪ್ಪರದಲ್ಲಿ ಗುಸುಗುಸು ಎದ್ದಿತು. ಅವಳು ಪುಟ್ಟಮಲ್ಲಮ್ಮನ ತಲೆ ಮೇಲೆ ಕೈಯಿಟ್ಟು, "ಪದಾನ ನೀನೇ ಯೋಳು ತಂಗಿ, ನಿಲ್ಲಿಸ್ಬೇಡ" ಅಂದಳು. ನೆಟ್ಟಗೆ ಸುನಂದಮ್ಮನ ಮುಂದೆ ಬಂದು ಅಂಗೈ ಚಾಚಿದಳು.

"ಕೊಡಿ ಟೀಚರಮ್ಮ. ನನ್ನ ಗಂಟ್ಲು ನಂಗೇ ಮೋಸ ಮಾಡ್ತು."

ಎಲ್ಲರೂ ನೋಡುತ್ತಿದ್ದರು. ಮಂಟಯ್ಯ ತಾನೇ ಹೋಗಿ ನೀರಿನ ಚೊಂಬು ತಂದು ಹೆಂಡತಿಯ ಕೈಗಿಟ್ಟ.

ಮರುದಿನವೇ ಆಸ್ಪತ್ರೆ. ಡಾಕ್ಟರು ಗಂಡ ಹೆಂಡಿರಿಬ್ಬರಿಗೂ ಚೆನ್ನಾಗಿ ಬೈದರು, ಕಫವನ್ನು ಮತ್ತೆ ಪರೀಕ್ಷೆ ಮಾಡಿದರು, ಚಿಕಿತ್ಸೆಯನ್ನು ಇನ್ನಷ್ಟು ತಿಂಗಳು ಹೆಚ್ಚಿಸಿದರು. ಈ ಸಲ ಮಾತ್ರೆಯ ಹೊತ್ತಾದರೆ ಮಂಟಯ್ಯನೇ ಅಂಗಳದಲ್ಲಿ ನಿಂತು ಹೀರೆಬಳ್ಳಿಯ ಪದ ಎಳೆಯುತ್ತಿದ್ದ. ಅವನ ದನಿಗೆ ಕೊಟ್ಟಿಗೆಯ ಎಮ್ಮೆಯೂ ಕಿವಿ ನಿಮಿರಿಸುತ್ತಿತ್ತು. "ಸಾಕು ನಿಲ್ಸಿ, ನುಂಗ್ತೀನಿ" ಎಂದು ಚಿಕ್ಕಬೀರಮ್ಮ ನಗುತ್ತಾ ನುಂಗುತ್ತಿದ್ದಳು. ಕೊನೆಯ ಮಾತ್ರೆ ಮುಗಿದು, ಕಫ ಪರೀಕ್ಷೆಯಲ್ಲಿ ರೋಗವಿಲ್ಲ ಅಂತ ಡಾಕ್ಟರು ಹೇಳಿದ ಮೇಲೆಯೇ ಅವಳು ಮತ್ತೆ ಚಪ್ಪರ ಹತ್ತಿದ್ದು. ಅವತ್ತು ಸೊಲ್ಲು ಕೊನೆಯ ತನಕ ಅವಳದೇ ಆಗಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಎರಡು ವಾರ ಮೀರಿದ ಕೆಮ್ಮನ್ನು ಘಾಟು ಅಂತ ತಳ್ಳಿಹಾಕಬೇಡಿ, ಕಫ ಪರೀಕ್ಷೆ ಮಾಡಿಸಿ. ನಿಮ್ಮ ಬೀದಿಯಲ್ಲಿ ಯಾರಾದರೂ ಮಾತ್ರೆ ನುಂಗುತ್ತಿದ್ದರೆ ಅವರನ್ನು ಮೂಲೆಗೆ ತಳ್ಳಬೇಡಿ. ಅಂಗಳದಲ್ಲಿ ಕೂತು ಒಂದು ಹಾಡು ಹೇಳಿ. ಹಾಡು ಎದೆಗೆ ಧೈರ್ಯ ಕೊಡುತ್ತದೆ, ರೋಗ ಕಳೆಯುವುದು ಮಾತ್ರೆ. ಮೈ ಹಗುರಾಯಿತು, ದನಿ ಬಂತು ಅಂತ ಅದನ್ನು ನಡುವೆ ಬಿಡಬೇಡಿ. ಸೊಲ್ಲು ಬಿಟ್ಟರೆ ಎತ್ತಿಕೊಳ್ಳಲು ಪುಟ್ಟಮಲ್ಲಮ್ಮ ಇದ್ದಳು. ನಿಮ್ಮ ಮಾತ್ರೆಯನ್ನು ನೀವೇ ನುಂಗಬೇಕು.