ಎಲ್ಲಿಂದ ಬಂತು ಅರ್ಧ ಓಮ್

ಎಪ್ಪತ್ತು — ಹಸಿರು ಅಂಕಿ ಒಮ್ಮೆ ಮಿನುಗಿ ಅಲ್ಲೇ ನಿಂತಿತು, ನೂರೈವತ್ತರ ಹತ್ತಿರ ಇರಬೇಕಾದ ಕ್ಯೂ, ತಂತಿ ಸುತ್ತಿದ ಕಾಯಿಲಿನ ಗುಣ ಹೇಳುವ ಅಂಕಿ, ಎಪ್ಪತ್ತು, ಮೀಟರ್ ಕಂಪನಿಯ ಜ್ಞಾನೇಶ್ ಸಾರ್ ಆಗಲೇ ವರದಿ ಬರೆಯುತ್ತಿದ್ದಾರೆ, ತಂತಿ ಕಳಪೆ, ಇನ್ನೂರು ಕಾಯಿಲೂ ವಾಪಸ್, ನೋಡಮ್ಮ ಮೆಹರೀನ್, ಕೊಬ್ಬರಿ ತೇವ ಅಳೆಯೋ ಮೀಟರಿಗೆ ಸುತ್ತೋದು ಅಂದ್ರೆ ಪಂಪ್‌ಸೆಟ್ ಮೋಟಾರು ಸುತ್ತಿದಂಗಲ್ಲ, ನಿಮ್ಮಪ್ಪ ಹಳೇ ಮೋಟಾರಿಂದ ಬಿಚ್ಚಿದ್ ತಂತಿ ಹಾಕವ್ನೆ ಅಷ್ಟೆ — ಹಾಕವ್ನೆಯಂತೆ, ಬೆಳಿಗ್ಗೆ ಮೊದಲ ಸಲ ಅಳೆದಾಗ ಫೋನಿನಲ್ಲೂ ಅಬ್ಬಾಗೆ ಇದನ್ನೇ ಅಂದರು, ಅಬ್ಬಾ ಫೋನಿಟ್ಟು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಕೂತುಬಿಟ್ಟರು, ತಿಪಟೂರಿನ ಸುತ್ತ ಎಷ್ಟು ತೋಟದ ಮೋಟಾರುಗಳು ನನ್ನಬ್ಬಾ ನಿಜಾಮುದ್ದೀನರ ಕೈಯಲ್ಲಿ ಮತ್ತೆ ತಿರುಗಿವೆ, ಆ ಕೈ ನಡುಗಲು ಶುರುವಾದ ಮೇಲೆ ಸುತ್ತುವವಳು ನಾನು, ಪಕ್ಕದಲ್ಲಿ ಕೂತು ಎಣಿಸುವವರು ಅವರು, ತಪ್ಪಿದ್ರೆ ಬಿಚ್ಚು ಬೇಟಿ, ಟೇಪ್ ಸುತ್ತಿ ಮುಚ್ಚಬೇಡ, ಅನ್ನುವವರೂ ಅವರೇ, ಈ ಕಾಯಿಲುಗಳಿಗೆ ಹೊಸ ತಂತಿಯ ಉಂಡೆ ಬಿಚ್ಚಿದವಳೂ ನಾನೇ, ಎದ್ದು ಹೋಗಲೇ, ಇಲ್ಲ, ಹೋಗುವುದಿಲ್ಲ, ಡಿಪ್ಲೊಮಾ ಓದಿದ್ದು ಯಾತಕ್ಕೆ, ಲೆಕ್ಕ ಮಾಡು ಮೆಹರೀನ್, ಇಲ್ಲೇ, ಇವರ ಎದುರೇ ಮಾಡು, ಹತ್ತು ಮೈಕ್ರೊಹೆನ್ರಿ, ಒಂದು ಮೆಗಾಹರ್ಟ್ಸ್, ಕಾಯಿಲು ಒಡ್ಡುವ ತಡೆ ಅರವತ್ಮೂರು ಓಮ್, ಅದನ್ನು ನಷ್ಟದ ಓಮಿನಿಂದ ಭಾಗಿಸಿದರೆ ಕ್ಯೂ, ಎಪ್ಪತ್ತು ಬಂದಿದೆ ಅಂದರೆ ನಷ್ಟ ಪಾಯಿಂಟ್ ಒಂಬತ್ತು, ಬರೀ ತಾಮ್ರದ್ದು ಪಾಯಿಂಟ್ ಸೊನ್ನೆ ಏಳು, ಆ ಕಂಪನದ ವೇಗದಲ್ಲಿ ಕರೆಂಟು ತಂತಿಯ ಹೊರಮೈಯಲ್ಲಷ್ಟೇ ಓಡುವುದರಿಂದ ಅದು ಮೂರು ಪಟ್ಟಾಗಲಿ, ಪಕ್ಕಪಕ್ಕದ ಸುತ್ತುಗಳು ಒಂದನ್ನೊಂದು ಕಾಡುವುದರಿಂದ ಮತ್ತೆರಡು ಪಟ್ಟಾಗಲಿ, ನಡುವೆ ಅಂತರಕ್ಕೆಂದು ನೈಲಾನ್ ದಾರ ಬೇರೆ ಕೊಟ್ಟಿದ್ದೇನೆ, ಬೋರನಕಣಿವೆ ಜಲಾಶಯದ ಮೀನಿನವರು ಬಳಸುವಂಥದ್ದು, ಎಷ್ಟು ಧಾರಾಳವಾಗಿ ಹಾಕಿದರೂ ಪಾಯಿಂಟ್ ನಾಲ್ಕು, ಹಳೆಯ ತಾಮ್ರವಾದರೂ ತಾಮ್ರವೇ, ಹಾಗಾದರೆ ಉಳಿದ ಅರ್ಧ ಓಮ್ ಎಲ್ಲಿಂದ ಬಂತು, ಎಲ್ಲಿಂದ —

ಡಬ್ಬಿ. ಕಾಯಿಲು ಕೂತಿರುವುದು ಮೀಟರಿನ ತಗಡಿನ ಡಬ್ಬಿಯಲ್ಲಿ, ಮುಚ್ಚಳ ಬಿಗಿದಿದೆ, ಕಾಯಿಲಿನ ಕಾಂತಕ್ಷೇತ್ರ ನಾಲ್ಕೂ ಗೋಡೆಯಲ್ಲಿ ಕರೆಂಟು ಎಬ್ಬಿಸಿ ತಗಡನ್ನು ಕಾಯಿಸುತ್ತಿದೆ, ಆ ಅರ್ಧ ಓಮ್ ಅದೇ, ಸಾರ್, ಕಾಯಿಲ್ ಆಚೆ ತೆಗೀರಿ, ಯಾಕಮ್ಮ, ತೆಗೀರಿ ಸಾರ್, ಅದೇ ಕಾಯಿಲು, ಅದೇ ತಂತಿ, ಆಚೆ ಇಟ್ಟು ನೋಡಿ, ಅವರು ಬೇಸರದಿಂದಲೇ ತೆಗೆದರು, ಅಂಕಿ ಓಡಿತು, ನೂರು, ನೂರಿಪ್ಪತ್ತು, ನೂರ ನಲವತ್ತೆಂಟು, ಮತ್ತೆ ಒಳಗಿಟ್ಟರು, ಎಪ್ಪತ್ತು, ಆಚೆ ತೆಗೆದರು, ನೂರ ನಲವತ್ತೆಂಟು, ಹೋದ್ ಸಲ ಪ್ಲಾಸ್ಟಿಕ್ ಡಬ್ಬಿ ಇತ್ತು ಎಂದು ಗೊಣಗಿ ವರದಿಯನ್ನು ಹರಿದರು, ಆಯ್ತು ಬುಡಮ್ಮ, ಇನ್ನೂರೂ ತಗೋತೀವಿ — ಬಿಡುವುದಿಲ್ಲ, ಅಷ್ಟಕ್ಕೆ ಬಿಟ್ಟರೆ ಅಂಗಡಿಯ ಬಾಗಿಲು ಪೂರ್ತಿ ತೆರೆಯುತ್ತದೆಯೇ, ಬುಡಕ್ಕಾಗಲ್ಲ ಸಾರ್, ಫೋನಲ್ಲಿ ಅಂದಿದ್ದು ನೀವು, ಅಂಗಡಿ ಎರಡು ಬೀದಿ ಆಚೆಗೈತೆ, ಬಂದು ಅಬ್ಬಾ ಎದುರಿಗೇ ಹೇಳಿ, ತಪ್ಪು ಡಬ್ಬಿದು ಅಂತ, ಈಗಲೇನಮ್ಮ, ಈಗಲೇ ಸಾರ್, ನನ್ನ ದನಿ ಇಷ್ಟು ಗಟ್ಟಿಯೆಂದು ನನಗೇ ಗೊತ್ತಿರಲಿಲ್ಲ, ಅವರು ನನ್ನ ಮುಖ ನೋಡುತ್ತಿಲ್ಲ, ನಾನು ಕಣ್ಣು ಕೀಳುತ್ತಿಲ್ಲ, ಮೇಜಿನ ಕೆಳಗೆ ಅವರ ಕಾಲು ಬಿಚ್ಚಿಟ್ಟ ಚಪ್ಪಲಿಯನ್ನು ಹುಡುಕುತ್ತಿದೆ, ಹೆಬ್ಬೆರಳು ನೆಲ ತಡವುತ್ತಿದೆ, ಚಪ್ಪಲಿಯ ಅಂಚು ತಾಗಿತು, ಜಾರಿತು, ಮತ್ತೆ ತಡವುತ್ತಿದೆ, ಹೆಬ್ಬೆರಳು, ಚಪ್ಪಲಿ, ಹೆಬ್ಬೆರಳು —