ಮೂರು ವರ್ಷದ ವ್ರತ

ಚಟ್ಟ ಹೊತ್ತ ನಾಲ್ವರು ಹಿತ್ತಲ ಬಾಗಿಲಿನತ್ತ ತಿರುಗುವಷ್ಟರಲ್ಲಿ ಲಕ್ಷ್ಮೀಬಾಯಿ ಬಂದು ಹೊಸ್ತಿಲ ಮೇಲೆ ಅಡ್ಡ ನಿಂತಳು.

“ಈ ಬಾಗಿಲ ಬ್ಯಾಡ್ರಿ. ಮುಂಚೀ ಬಾಗಿಲದಿಂದ ಒಯ್ರಿ.”

ಮುಂದುಗಡೆ ಹೆಗಲು ಕೊಟ್ಟಿದ್ದ ಅವಳ ಗಂಡ ಪಾಯಪ್ಪ ತಬ್ಬಿಬ್ಬಾದ. ತೀರಿಕೊಂಡವಳು ಅವನ ತಂಗಿ ಜಿನ್ನವ್ವ, ಊರಿಗೆಲ್ಲ ಸೂಲಗಿತ್ತಿ. ನಾಲ್ಕೈದು ದಿನ ಜ್ವರದಲ್ಲಿ ಬೆಂದು ಅಂದು ನಸುಕಿನಲ್ಲಿ ಹಿತ್ತಲ ಪಡಸಾಲೆಯಲ್ಲೇ ಕಣ್ಣು ಮುಚ್ಚಿದ್ದಳು. ಇಪ್ಪತ್ತು ವರ್ಷಗಳಿಂದ ಅವಳು ಹೋಗಿ ಬಂದದ್ದೆಲ್ಲ ಈ ಹಿತ್ತಲ ಬಾಗಿಲಿನಿಂದಲೇ.

“ಮುಂಚೀ ಬಾಗಿಲ ಅಂದ್ರ ನಡುಮನಿ ದಾಟಬೇಕು,” ಎಂದ ಪಾಯಪ್ಪ ಮೆಲ್ಲಗೆ. “ನಿನ್ನ ಅಡಗಿಮನಿ ಮುಂದಿಂದ ಹಾಯಬೇಕು.”

“ಹಾಯ್ರಿ. ಯಾರು ಬ್ಯಾಡ ಅಂದ್ರು?”

ಯಾರು ಬೇಡ ಅಂದಿದ್ದರು ಎಂಬುದು ತುಕ್ಕಾನಟ್ಟಿ ಊರಿಗೆಲ್ಲ ಗೊತ್ತಿತ್ತು. ಲಕ್ಷ್ಮೀಬಾಯಿಯ ಮನೆಯ ಬೆಕ್ಕು ಕೂಡ ಕಾಲು ತೊಳೆದುಕೊಂಡೇ ಒಳಗೆ ಬರುತ್ತದೆ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅಂಥವಳು ಇಂದು ಹೆಣವನ್ನು ಒಲೆಯ ಮುಂದಿನಿಂದ ಒಯ್ಯಿರಿ ಎನ್ನುತ್ತಿದ್ದಾಳೆ. ಗಂಡಸರು ಚಟ್ಟವನ್ನು ತಿರುಗಿಸಿದರು. ನಡುಮನೆ ದಾಟಿ, ಅಡುಗೆಮನೆಯ ಬಾಗಿಲು ದಾಟಿ ಜಿನ್ನವ್ವ ಮುಂಬಾಗಿಲಿನಿಂದ ಹೊರಗೆ ಹೋದಳು. ನಮೋಕಾರ ಮಂತ್ರದ ದನಿ ಓಣಿಯ ತಿರುವಿನವರೆಗೆ ಕೇಳಿಸಿ ಆಮೇಲೆ ನಿಂತಿತು.

ಹಿತ್ತಲಲ್ಲಿ ಬಾವಿಯ ಬಾಜೂ ಬೇರೆ ಬೇರೆ ಓಣಿಯ ಹೆಂಗಸರು ಕೂತಿದ್ದರು. ಹೆರಿಗೆಗೆ ಕರೆಯಲು ಬಂದಾಗಲೂ ಅವರು ಕೂರುತ್ತಿದ್ದದ್ದು ಅಲ್ಲೇ. ಕುರಿ ಸಾಕುವ ಮನೆಯ ಭರಮವ್ವ ಎಲ್ಲರಿಗಿಂತ ಮುಂದಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು:

“ನನ್ನ ಬಸವಣ್ಣೆಪ್ಪ ಕಾಲು ಮುಂದ ಮಾಡಿ ಬಂದಿದ್ದ ನೋಡ್ರಿ ಬಾಯಾರ. ನಾ ಚೀರಾಕತ್ತಿದ್ನಿ. ‘ನೀ ಚೀರಬ್ಯಾಡ ಭರಮಿ, ಒಳಗ ಅವನೂ ಅಂಜತಾನ’ ಅಂದ್ಲು. ನನಗ ಆ ನೋವಿನ್ಯಾಗೂ ನಗು ಬಂತು.”

ಲಕ್ಷ್ಮೀಬಾಯಿಗೂ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಜಿನ್ನವ್ವ ಆಡುವ ಮಾತೇ ಅದು.

“ಈಗ ಅವನ ಹೇಣ್ತಿಗಿ ದಿನಾ ತುಂಬಾಕ ಬಂದಾವು,” ಎಂದು ಭರಮವ್ವ ತಿರುಗಿ ಪದ್ಮವ್ವನನ್ನು ನೋಡಿದಳು. ಪದ್ಮವ್ವ ಲಕ್ಷ್ಮೀಬಾಯಿಯ ಮಗಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. “ಯವ್ವಾ ಪದ್ಮಾ, ನೀ ಕಲತು ಲಗೂನ ಬಾ. ಮೂರು ವರ್ಷ ನಾವು ಯಾರ ಕೈಯಾಗ ಹಡೀಬೇಕು ಹೇಳು.”

ಪದ್ಮವ್ವ ತಲೆ ತಗ್ಗಿಸಿದಳು. ಅವಳ ಪಕ್ಕದಲ್ಲಿ ಕಟ್ಟಿಟ್ಟ ಟ್ರಂಕಿತ್ತು. ಅದನ್ನು ಕಟ್ಟಿಸಿದವಳು ಜಿನ್ನವ್ವ, ಜ್ವರದಲ್ಲಿ ಮಲಗಿದಲ್ಲಿಂದಲೇ ಇದನ್ನು ಇಡು, ಅದನ್ನು ತೆಗೆ ಎಂದು ಹೇಳಿ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಪದ್ಮವ್ವನ ಮುಂದೆ ಎರಡು ದಾರಿಗಳಿದ್ದವು. ಮಿರಜದ ದವಾಖಾನೆಯಲ್ಲಿ ಮೂರು ವರ್ಷ ಕಲಿತರೆ ಪೂರಾ ನರ್ಸಬಾಯಿ. ಬೆಳಗಾವಿಯಲ್ಲಿ ಒಂದು ವರ್ಷ ಕಲಿತರೆ ಅತ್ತೆಯ ಹಾಗೆ ಸೂಲಗಿತ್ತಿ. ಬೆಳಗಾವಿಯ ಕ್ಲಾಸು ದೀಪಾವಳಿ ಆದ ಮೇಲೆ. ಮಿರಜಕ್ಕಾದರೆ ನಾಳೆ ಬೆಳಿಗ್ಗೆ ಗೋಕಾಕ ರೋಡ ಸ್ಟೇಶನ್ನಿನಲ್ಲಿ ರೈಲು ಹಿಡಿಯಬೇಕು, ನಾಡಿದ್ದು ಹಾಜರಾಗದಿದ್ದರೆ ಆ ಜಾಗ ಇನ್ನೊಬ್ಬಳಿಗೆ. ಕರೆದೊಯ್ಯಲೆಂದು ಹೊರಟಿದ್ದ ಲಕ್ಷ್ಮೀಬಾಯಿಯ ಅಣ್ಣ, ಮೂಡಲಗಿಯ ಬೆಲ್ಲದ ವ್ಯಾಪಾರಿ ರಾವಸಾಹೇಬ, ಬಂದು ನೋಡಿದರೆ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು.

ಲಕ್ಷ್ಮೀಬಾಯಿಗೆ ಮಿರಜ ಮೊದಲಿನಿಂದಲೂ ಬೇಡವಾಗಿತ್ತು. ಇದ್ದ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳನ್ನು ಕಳೆದುಕೊಂಡಿದ್ದಳು. ಉಳಿದವಳನ್ನು ಮೂರು ವರ್ಷ ದೂರ ಕಳಿಸಿ ಬದುಕುವುದು ಹೇಗೆ ಎಂಬುದು ಅವಳ ಚಿಂತೆ. ಮದುವೆ ತಡವಾಗುತ್ತದೆ ಎಂಬ ಮಾತೆಲ್ಲ ಮಂದಿಯ ಮುಂದೆ ಹೇಳಲಿಕ್ಕೆ.

*

ಇಪ್ಪತ್ತು ವರ್ಷದ ಹಿಂದೆ ಇದೇ ಎರಡು ದಾರಿ ಜಿನ್ನವ್ವನ ಮುಂದೆಯೂ ಬಂದಿದ್ದವು. ಊರೂರೇ ಖಾಲಿಯಾದ ಆ ಜ್ವರದ ವರ್ಷ ಗಂಡನನ್ನು ಕಳೆದುಕೊಂಡು ಅವಳು ತವರಿಗೆ ಬಂದಿದ್ದಳು. ಊರಲ್ಲಿ ಮಲಗಿದವರಿಗೆ ಗಂಜಿ ಕುಡಿಸುತ್ತ ಮನೆಮನೆ ತಿರುಗುತ್ತಿದ್ದ ಅವಳನ್ನು ಕಂಡ ಡಾಕ್ಟರಬಾಯಿಯೊಬ್ಬರು ಮಿರಜಕ್ಕೆ ಹೋಗು, ಆಗದಿದ್ದರೆ ಬೆಳಗಾವಿಗಾದರೂ ಹೋಗು ಎಂದಿದ್ದರು.

“ಮಿರಜಕ್ಕ ಹೋಗ್ತೀನಿ ಅಣ್ಣಾ,” ಎಂದಳು ಜಿನ್ನವ್ವ.

ಪಾಯಪ್ಪ ಕೆಟ್ಟವನಲ್ಲ. ಆದರೆ ಮಂದಿಗೆ ಅಂಜುವವನು. ಮೀಸೆ ತೀಡಿಕೊಳ್ಳುತ್ತ ಹೇಳಿದ: “ಒಂದು ವರ್ಷ ಆದ್ರ ಮಂದಿ ಮುಂದ ತವನಿಧಿ ಬಸದಿಗಿ ವ್ರತಕ್ಕ ಹೋಗ್ಯಾಳ ಅಂತ ಹೇಳಬಹುದು. ಮೂರು ವರ್ಷದ ವ್ರತ ಎಲ್ಲೈತಿ ತಂಗಿ?”

ಬಾಗಿಲ ಹಿಂದೆ ನಿಂತಿದ್ದ ಲಕ್ಷ್ಮೀಬಾಯಿ ಕಿಸಕ್ಕನೆ ನಕ್ಕಿದ್ದಳು. ಜಿನ್ನವ್ವನೂ ನಕ್ಕಳು. ಹಾಗೆ ನಗುನಗುತ್ತಲೇ ಮಿರಜ ಹೋಗಿ ಬೆಳಗಾವಿಯಾಯಿತು.

ವರ್ಷ ಕಳೆದು ಬಂದವಳನ್ನು ಊರು ಕೈಬೀಸಿ ಕರೆಯಿತು. ಹೆರಿಗೆ ಮಾಡಿಸಿ ಬಂದರೆ ಹತ್ತು ದಿನ ಮೈಲಿಗೆ. ಆ ಹತ್ತು ದಿನ ಹಿತ್ತಲ ಪಡಸಾಲೆಯಲ್ಲಿರು ಎಂದಳು ಲಕ್ಷ್ಮೀಬಾಯಿ. ಒಂದು ತಾಟು, ಒಂದು ತಂಬಿಗೆ, ಒಂದು ಚಾಪೆ ಕೊಟ್ಟಳು. ಹತ್ತು ದಿನ ಮುಗಿಯುವ ಮೊದಲೇ ಕುಲಗೋಡದಿಂದ ಚಕ್ಕಡಿ ಬಂತು. ಅದರ ಹತ್ತು ದಿನ ಮುಗಿಯುವ ಮೊದಲು ಇನ್ನೊಂದು. ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ, ಜಿನ್ನವ್ವನ ಹತ್ತು ದಿನ ಮುಗಿಯಲಿಲ್ಲ. ಅವಳು ಒಳಗೆ ಬರದ ಹಾಗೆಯೇ ಕಾಲ ಕಳೆಯಿತು. ದಿನಾ ಎರಡು ಹೊತ್ತು ಲಕ್ಷ್ಮೀಬಾಯಿ ಹೊಸ್ತಿಲ ಮೇಲೆ ನಿಂತು, ಮೈಲಿಗೆ ತಟ್ಟಬಾರದೆಂದು ಮೇಲಿನಿಂದ ರೊಟ್ಟಿ ಬಿಡುತ್ತಿದ್ದಳು. ಅದು ತಾಟಿನಲ್ಲಿ ಟಪ್ಪೆಂದು ಬೀಳುತ್ತಿತ್ತು.

“ವೈನಿ, ನಿನ್ನ ರೊಟ್ಟಿ ಗುಬ್ಬಿ ಹಂಗ ಹಾರಿ ಬರ್ತಾವ,” ಎನ್ನುತ್ತಿದ್ದಳು ಜಿನ್ನವ್ವ. “ಒಂದು ದಿನ ಕುಂಡ್ರೂದ ಕಲಸು ಅವಕ್ಕ.”

ನಡುವೆ ಒಮ್ಮೆ ಮಾತ್ರ ಬೇರೆಯಾಯಿತು. ಪದ್ಮವ್ವ ಹುಟ್ಟಿದಾಗ ಲಕ್ಷ್ಮೀಬಾಯಿಯೇ ಬಾಣಂತಿ. ಅವಳಿಗೂ ಹತ್ತು ದಿನ ಮೈಲಿಗೆ. ಅತ್ತಿಗೆ ನಾದಿನಿ ಇಬ್ಬರೂ ಆ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ, ನಡುವೆ ಕೂಸನ್ನು ಮಲಗಿಸಿಕೊಂಡು ಒಂದೇ ತಾಟಿನಲ್ಲಿ ಉಂಡರು. ಜೀವಮಾನದಲ್ಲಿ ಅಷ್ಟು ಹರಟೆ ಹೊಡೆದದ್ದು ಲಕ್ಷ್ಮೀಬಾಯಿಗೆ ನೆನಪಿಲ್ಲ. ಹನ್ನೊಂದನೆಯ ದಿನ ಅವಳು ಮಿಂದು ಒಳಗೆ ಹೋದಳು. ಜಿನ್ನವ್ವನನ್ನು ಕರೆಯಲು ಅಷ್ಟರಲ್ಲಿ ಮತ್ತೆ ಯಾರೋ ಬಂದು ಬಾವಿಯ ಬಾಜೂ ಕೂತಿದ್ದರು.

*

ಮಧ್ಯಾಹ್ನ ಗಂಡಸರು ಸ್ಮಶಾನದಿಂದ ಬಂದು ಮಿಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಮನೆಯವರು ತಂದಿಟ್ಟ ಅನ್ನವನ್ನು ಉಂಡೆವೆಂದು ಉಂಡರು. ಕೈ ತೊಳೆದುಕೊಂಡು ಪಾಯಪ್ಪ ಭಾವಮೈದುನನ ಕಡೆ ನೋಡಿದ.

“ಮಿರಜದ ಮಾತು ಮುಗೀತು ಅನ್ರಿ ರಾವಸಾಹೇಬ. ಸೂತಕ ಕಳಿಯೂತನಕ ಮಗಳು ಮನಿ ಬಿಟ್ಟು ಹೋಗಾಕ ಬರೂದಿಲ್ಲ.”

“ಅದೂ ಖರೆ,” ಎಂದ ರಾವಸಾಹೇಬ. “ಪದ್ಮಾ, ನೀ ಏನಂತಿ ಬಾಳಾ?”

ಪದ್ಮವ್ವ ಟ್ರಂಕಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದಳು: “ನಾ ಬೆಳಗಾವಿಗೇ ಹೋಗ್ತೀನಿ ಮಾಮಾ. ಒಂದು ವರ್ಷ. ಅತ್ತಿ ಇಲ್ಲದ ಊರಾಗ ಭರಮವ್ವನ ಸೊಸಿಯಂಥವರು ಎಷ್ಟ ದಿನ ಕಾಯಬೇಕು?”

ಪಾಯಪ್ಪ ಹಗುರಾದ. ಲಕ್ಷ್ಮೀಬಾಯಿಯೂ ಹಗುರಾಗಬೇಕಿತ್ತು. ಬೇಡಿಕೊಂಡದ್ದೇ ಕೈಗೆ ಬಂದಿತ್ತು. ಮಗಳು ದೀಪಾವಳಿವರೆಗೆ ಕಣ್ಣ ಮುಂದಿರುತ್ತಾಳೆ, ಆಮೇಲೆ ಒಂದೇ ವರ್ಷ. ಆದರೆ ಪದ್ಮವ್ವ ಟ್ರಂಕನ್ನು ಎಳೆದು ಗೋಡೆಯ ಮೂಲೆಗೆ ತಳ್ಳುವುದನ್ನು ಅವಳಿಂದ ನೋಡಲಾಗಲಿಲ್ಲ. ಎದ್ದು ಹಿತ್ತಲ ಪಡಸಾಲೆಗೆ ಹೋದಳು. ಅಲ್ಲಿ ತೊಳೆದು ಬೋರಲು ಹಾಕಿದ ತಾಟು ಹಾಗೆಯೇ ಇತ್ತು.

*

ಐದು ವರ್ಷದ ಹಿಂದೆ ದೊಡ್ಡ ಮಗಳು ರತ್ನವ್ವ ಹುಕ್ಕೇರಿಯ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಹೆಣ್ಣು ಕೂಸು ಸುಖವಾಗಿ ಬಂತು. ಆದರೆ ರಕ್ತ ನಿಲ್ಲಲಿಲ್ಲ. ಜಿನ್ನವ್ವ ಕಲಿತದ್ದನ್ನೆಲ್ಲ ಮಾಡಿದಳು. ಆಮೇಲೆ ಚಕ್ಕಡಿ ಕಟ್ಟಿಸಿದಳು. ಗೋಕಾಕದ ದಾರಿಯುದ್ದಕ್ಕೂ ರತ್ನವ್ವನ ಹೊಟ್ಟೆಯ ಮೇಲೆ ಕೈಯೂರಿ ಒತ್ತಿ ಹಿಡಿದೇ ಇದ್ದಳು. ಗೋಕಾಕ ಇನ್ನೂ ದೂರವಿರುವಾಗಲೇ ರತ್ನವ್ವನ ಜೀವ ಹೋಯಿತು. ಆದರೂ ಜಿನ್ನವ್ವ ಕೈ ತೆಗೆಯಲಿಲ್ಲ. ಕೊನೆಗೆ ಲಕ್ಷ್ಮೀಬಾಯಿಯೇ ಅವಳ ಮಣಿಕಟ್ಟು ಹಿಡಿದು ಆ ಕೈಯನ್ನು ಎತ್ತಿಟ್ಟಳು.

“ನಿನ್ನ ಕೈಯಾಗ ಹೋತು ನನ್ನ ಕೂಸು,” ಎಂದಳು.

ಆಮೇಲೆ ರೊಟ್ಟಿ ಇನ್ನಷ್ಟು ಮೇಲಿನಿಂದ ಬೀಳತೊಡಗಿತು. ಜಿನ್ನವ್ವ ಗುಬ್ಬಿಯ ಮಾತಾಡುವುದನ್ನು ಬಿಟ್ಟಳು. ರತ್ನವ್ವನ ಕೂಸನ್ನು ಹುಕ್ಕೇರಿಯವರು ಒಯ್ದ ದಿನ ಮಾತ್ರ, ತಾಟಿನ ಮುಂದೆ ಕೂತವಳು ತಲೆಯೆತ್ತದೆ ಹೇಳಿದಳು:

“ವೈನಿ, ರಕ್ತ ನಿಲ್ಲಾಕೊಂದು ಸೂಜಿ ಐತಿ. ಮೂರು ವರ್ಷದವರಿಗಿ ಕಲಸ್ತಾರ. ಹಾಕಿದ್ರ ಉಳೀತಿದ್ಲೋ ಇಲ್ಲೋ, ನನಗ ಗೊತ್ತಿಲ್ಲ. ನನ್ನ ಕೈಯಾಗಂತೂ ಅದು ಇರ್ಲಿಲ್ಲ. ನಾ ಒಂದು ವರ್ಷದಾಕಿ.”

ಲಕ್ಷ್ಮೀಬಾಯಿ ರೊಟ್ಟಿ ಬಿಟ್ಟು ಒಳಗೆ ಹೋಗಿದ್ದಳು. ಅಂದಿನಿಂದ ಜಿನ್ನವ್ವ ಪದ್ಮವ್ವನ ಓದಿನ ಹಿಂದೆ ಬಿದ್ದಳು. ಮಿರಜ, ಮಿರಜ ಎಂದು ಮೂರು ಹೊತ್ತೂ ಅದೇ ಜಪ. ಅದು ಯಾರಿಗಾಗಿ ಎಂದು ಲಕ್ಷ್ಮೀಬಾಯಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಮಾತಾಡುತ್ತೇನೆ, ಆಡಿದರಾಯಿತು ಎಂದುಕೊಂಡೇ ಐದು ವರ್ಷ ಕಳೆದಿದ್ದಳು.

*

ಲಕ್ಷ್ಮೀಬಾಯಿ ತಾಟನ್ನು ಅಲ್ಲೇ ಬಿಟ್ಟು ಒಳಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಬೂದಿ ತೆಗೆದು, ಎರಡು ಸಗಣಿ ಕುಳ್ಳು ಮುರಿದಿಟ್ಟು ಕಡ್ಡಿ ಗೀರಿದಳು.

ಹೊರಗೆ ಕಟ್ಟೆಯ ಮೇಲಿದ್ದ ಗಂಡಸರಿಗೆ ಮೊದಲು ಕಂಡದ್ದು ಹೊಗೆ. ಪಾಯಪ್ಪ ಗಾಬರಿಯಿಂದ ಒಳಗೆ ಬಂದ.

“ಏನ ಮಾಡಾಕತ್ತಿ? ಆಕಿ ಚಿತಿ ಇನ್ನಾ ಆರಿಲ್ಲ. ಓಣಿ ತುಂಬ ಹೊಗಿ ಕಾಣಾಕತ್ತೈತಿ.”

“ಬುತ್ತಿಗಿ ರೊಟ್ಟಿ ಬಡ್ಯಾಕತ್ತೀನಿ. ಮಿರಜ ದೂರ ಐತಿ.”

“ಸೂತಕದಾಗ?”

“ಹೂಂ. ಮನಿಯೆಲ್ಲಾ ಮೈಲಿಗಿ ಆಗೇತಿ. ಇಪ್ಪತ್ತು ವರ್ಷ ಆಕಿ ಹೆಂಗ ಇದ್ಲೋ ಇವತ್ತ ನಾವೂ ಹಂಗ ಆಗೇವಿ. ಇನ್ನ ಕಾಯೂದು ಏನ ಉಳದೈತಿ ಹೇಳ್ರಿ.”

“ಮಂದಿ ಕೇಳಿದ್ರ ಏನ ಹೇಳೂದು?”

ಲಕ್ಷ್ಮೀಬಾಯಿ ಹಿಟ್ಟು ನಾದುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹೊಗೆಯ ಮೇಲೆ ಹಾಕಿ ಒರೆಸಿಕೊಳ್ಳಬಹುದಿತ್ತು, ಒರೆಸಿಕೊಳ್ಳಲಿಲ್ಲ.

“ಮಿರಜಕ್ಕ ಹೋಗ್ಯಾಳ ಅಂತ ಹೇಳ್ರಿ. ಮೂರು ವರ್ಷದ ವ್ರತ ಐತಿ ಅನ್ರಿ.”

ಪಾಯಪ್ಪ ಹೊರಗೆ ಹೋಗಿ ಎತ್ತುಗಳಿಗೆ ನೀರು ತೋರಿಸಲು ತಾನೇ ಕೊಡ ಎತ್ತಿಕೊಂಡ. ಅದನ್ನು ನೋಡಿದ ರಾವಸಾಹೇಬ ತನ್ನ ಚಕ್ಕಡಿಗೆ ಹುಲ್ಲು ಹಾಸಲು ಎದ್ದ.

ಹೊಗೆ ಕಂಡು ಭರಮವ್ವ ಹಿತ್ತಲ ಬಾಗಿಲವರೆಗೆ ಬಂದಳು. ಪದ್ಮವ್ವನೂ ಅಲ್ಲೇ ನಿಂತಿದ್ದಳು, ನಂಬಲೋ ಬೇಡವೋ ಎಂಬಂತೆ ತಾಯಿಯ ಕೈಯನ್ನೇ ನೋಡುತ್ತ.

“ಅವ್ವಾ, ಮತ್ತ ಭರಮವ್ವನ ಸೊಸಿ?”

ಅದು ಸಣ್ಣ ಪ್ರಶ್ನೆಯಲ್ಲ. ಲಕ್ಷ್ಮೀಬಾಯಿ ಹೆಂಚಿನ ಮೇಲೆ ರೊಟ್ಟಿ ಹಾಕಿ, ಅದಕ್ಕೆ ನೀರು ಸವರಿ, ತಿರುವಿ ಹಾಕಿದಳು.

“ಭರಮವ್ವಾ, ದಿನಾ ಬರೂದ ಕಾಯಬ್ಯಾಡ. ಈಗಿಂದೀಗ ಸೊಸೀನ್ನ ಗೋಕಾಕಕ್ಕ ತೋರಿಸ್ಕೊಂಡು ಬಾ. ನಮ್ಮ ಚಕ್ಕಡಿ ಕೊಡ್ತೀನಿ. ಹೊತ್ತಲ್ಲದ ಹೊತ್ತಿನ್ಯಾಗ ನೋವು ಬಂದ್ರ ನನ್ನ ಕರಿ. ಸೂಲ ಮಾಡಸಾಕ ನನಗ ಬರೂದಿಲ್ಲ. ನೀರು ಕಾಸಾಕ ಬರ್ತೈತಿ, ಚಕ್ಕಡ್ಯಾಗ ಬಾಜೂಕ ಕುಂಡ್ರಾಕ ಬರ್ತೈತಿ.”

“ನೀವು?” ಎಂದಳು ಭರಮವ್ವ. “ನಮ್ಮ ಹಟ್ಟಿಗೆ ಬರ್ತೀರಿ ಬಾಯಾರ?”

“ಹತ್ತು ದಿನ ಹಿತ್ತಲದಾಗ ಕುಂತ್ರಾತು. ಜಾಗಾ ಖಾಲಿ ಐತೆಲ್ಲ.”

ಭರಮವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಮನೆಗೆ ಹೋಗಿ, ಬುತ್ತಿಗೆಂದು ಗಟ್ಟಿ ಮೊಸರಿನ ಗಡಿಗೆ ತಂದು ಕಟ್ಟೆಯ ಮೇಲಿಟ್ಟಳು. ಲಕ್ಷ್ಮೀಬಾಯಿ ಅದನ್ನು ಕೈಯಾರೆ ಎತ್ತಿಕೊಂಡು ಒಳಗಿಟ್ಟಳು.

ಹೊತ್ತು ಮುಳುಗಲು ಬಂದಿತ್ತು. ಕತ್ತಲಾದ ಮೇಲೆ ಉಣ್ಣುವ ಮನೆಯಲ್ಲ ಅದು. ಆ ನೇಮವನ್ನು ಮಾತ್ರ ಲಕ್ಷ್ಮೀಬಾಯಿ ಇಂದೂ ಬಿಡುವವಳಲ್ಲ.

“ಬಾ, ಉಂಡು ಹೋಗು,” ಎಂದು ಮಗಳನ್ನು ಕರೆದಳು.

ಪದ್ಮವ್ವ ನಡುಮನೆಯಲ್ಲಿ ಕೂರಲಿಲ್ಲ. ಟ್ರಂಕನ್ನು ಮೂಲೆಯಿಂದ ಎಳೆದು ಹೊರಗಿಟ್ಟು, ಹಿತ್ತಲ ಪಡಸಾಲೆಗೆ ಹೋಗಿ, ಬೋರಲು ಬಿದ್ದಿದ್ದ ಅತ್ತೆಯ ತಾಟನ್ನು ಎತ್ತಿ ತನ್ನ ಮುಂದೆ ಇಟ್ಟುಕೊಂಡು ಕೂತಳು. ಲಕ್ಷ್ಮೀಬಾಯಿ ಬಿಸಿ ರೊಟ್ಟಿ ಹಿಡಿದು ಬಂದವಳು ಹೊಸ್ತಿಲ ಮೇಲೆ ನಿಂತಳು. ಇಪ್ಪತ್ತು ವರ್ಷದ ರೂಢಿಗೆ ಕೈ ತಾನಾಗಿ ಮೇಲೆ ಎದ್ದಿತ್ತು.

ಅವಳು ಆ ಕೈ ಇಳಿಸಿದಳು. ಹೊಸ್ತಿಲು ದಾಟಿ ಕೆಳಗೆ ಬಂದು, ಮಂಡಿಯೂರಿ, ಬೆರಳು ತಾಟಿನ ತಳಕ್ಕೆ ತಾಗುವವರೆಗೆ ಬಗ್ಗಿ ರೊಟ್ಟಿ ಇಟ್ಟಳು. ತಾಟು ಸಪ್ಪಳ ಮಾಡಲಿಲ್ಲ.