ಲೀಸ್ ಕಾರಿನ ಎಡ ಮಗ್ಗುಲು

ಫೋನನ್ನು ಒತ್ತಿಕೊಂಡು ಕಾದೂ ಕಾದೂ ಅವನ ಕಿವಿ ಕೆಂಪಗಾಗಿತ್ತು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಆ ಹೆಣ್ಣುದನಿ ಹೇಳಿದ್ದನ್ನೇ ಹೇಳುತ್ತಿತ್ತು. ಅಷ್ಟು ಅಮೂಲ್ಯವಾಗಿದ್ದರೆ ಎತ್ತಬಾರದೇ, ಮಹಾತಾಯಿ! ಹಗಲೆಲ್ಲ ಊರವರ ಫ್ರಿಜ್ಜು ರಿಪೇರಿ ಮಾಡಿ ಸೊಂಟ ಬಿದ್ದುಹೋದವನಿಗೆ ಊಟಕ್ಕೆ ಮೊದಲು ಒಂದು ಸುತ್ತು, ಊಟವಾದ ಮೇಲೆ ಇನ್ನೊಂದು ಸುತ್ತು ಇದೇ ಪಾಡು.

ವಿಷಯ ಇಷ್ಟೇ. ಮೂರು ವರ್ಷಕ್ಕೆಂದು ಒಂದು ಕಾರನ್ನು ಲೀಸಿಗೆ ತಂದಿದ್ದ. ಅವಧಿ ಮುಗಿದಾಗ ಮರ್ಯಾದೆಯಾಗಿ ಒಪ್ಪಿಸಿಯೂ ಬಂದ. ಡಿಪಾಜಿಟ್ಟು ಕೈಗೆ ಬಂದರೆ ಅದಕ್ಕೆ ಒಂದಿಷ್ಟು ಸೇರಿಸಿ ಹಳೆಯ ಸಣ್ಣ ಕಾರೊಂದನ್ನು ಕೊಳ್ಳುವ ಲೆಕ್ಕಾಚಾರ. ಬಂದದ್ದು ಡಿಪಾಜಿಟ್ಟಲ್ಲ, ಬಿಲ್ಲು. ‘ಎಡ ಹಿಂಬದಿಯ ತಗಡಿಗೆ ಹಾನಿ. ತಗಡು ಬದಲಾವಣೆ, ಬಣ್ಣ, ಕೂಲಿ.’ ಡಿಪಾಜಿಟ್ಟಿನ ಬಹುಪಾಲು ಅದರಲ್ಲೇ ಸ್ವಾಹಾ. ಜೊತೆಗೊಂದು ಫೋಟೋ. ಬೂದು ಬಣ್ಣದ ಮೇಲೆ ಸಣ್ಣ ಸಣ್ಣ ಗುಳಿಗಳು. ಎಷ್ಟು ಹತ್ತಿರದಿಂದ ತೆಗೆದಿದ್ದರೆಂದರೆ ಅದು ಕಾರೋ ಚಂದ್ರನೋ ಹೇಳುವಂತಿರಲಿಲ್ಲ.

ಅವನಿಗಿಂತ ಹೆಚ್ಚು ಕುದ್ದುಹೋದದ್ದು ಅಪ್ಪ. ಅಪ್ಪ ನಿವೃತ್ತ ಬಸ್ ಕಂಡಕ್ಟರ್, ಓಣಿಯ ಮಕ್ಕಳ ಬಾಯಲ್ಲಿ ‘ರೈಟ್ ತಾತ’. ಓಣಿಯೋ, ಕಾರು ಬಂದರೆ ಎದುರಿಗಿದ್ದವರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು, ಅಷ್ಟು ಇಕ್ಕಟ್ಟು. ಎಡಕ್ಕೆ ಗೋಡೆ, ಬಲಕ್ಕೆ ಚರಂಡಿ. ಅಲ್ಲಿಂದ ಕಾರನ್ನು ಹಿಮ್ಮುಖವಾಗಿ ರಸ್ತೆಗೆ ತರುವುದೆಂದರೆ ದಿನಾ ಬೆಳಗಿನ ಸರ್ಕಸ್ಸು, ಆ ಸರ್ಕಸ್ಸಿನ ಯಜಮಾನ ಅಪ್ಪ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಹಿಂದೆ ಎಡಮೂಲೆಗೆ ನಿಂತು, ಬಸ್ಸಿನ ಕಾಲದಿಂದ ಬಂದ ರೂಢಿಯಲ್ಲೇ ಸದ್ದು ಮಾಡಿ ಹೇಳುತ್ತಿದ್ದ: ಟಕ್ ಟಕ್ ಅಂದರೆ ಬಾ, ಒಂದೇ ಟಕ್ ಅಂದರೆ ನಿಲ್ಲು. ಕೆಲಸದಿಂದ ನಿವೃತ್ತನಾಗಿ ಮೂಲೆ ಹಿಡಿದಿದ್ದ ಮನುಷ್ಯ, ಕಾರು ಬಂದ ಮೇಲೆ ದಿನಾ ಗಡ್ಡ ಬೋಳಿಸಿಕೊಳ್ಳತೊಡಗಿದ್ದ. ಕಾರು ಹೋಯಿತು ನೋಡಿ, ಗಡ್ಡ ಮತ್ತೆ ಬೆಳೆಯಿತು.

“ಕಾರು ಬೇಕಾಗಿರೋದು ನಿಮಗಲ್ಲ ರೀ, ಮಾವನಿಗೆ,” ಎಂದಳು ಹೆಂಡತಿ, ಅಪ್ಪ ಅತ್ತ ಹೋದಾಗ. “ಹೇಗಾದ್ರೂ ಮಾಡಿ ಆ ದುಡ್ಡು ಬಿಡಿಸ್ಕೊಂಡು ಬನ್ನಿ.”

ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಇಷ್ಟು ಸುಸ್ತು.

ಫೋನಿನಲ್ಲಿ ಏನೂ ಬಗೆಹರಿಯದೆ ಕೊನೆಗೆ ಲೀಸ್ ಕಂಪನಿಯ ಶೆಡ್ಡಿಗೇ ಹೊರಟ. ಅಪ್ಪ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ.

“ನನ್ನ ಸರ್ವೀಸಲ್ಲಿ ಟಿಕೆಟ್ ಕೊಡದೆ ಒಬ್ಬರ ಹತ್ರಾನೂ ಕಾಸು ಇಸ್ಕೊಂಡಿಲ್ಲ ಕಣೋ. ಇವರು ನೋಡು, ಗಾಡೀನೂ ಇಸ್ಕೊಂಡ್ರು, ಕಾಸೂ ಇಸ್ಕೊಂಡ್ರು! ನಡಿ, ನಾನೂ ಬರ್ತೀನಿ.”

“ಅಲ್ಲಿ ಬಂದು ಜಗಳ ತೆಗೀಬೇಡಪ್ಪ.”

“ನಾನ್ಯಾಕೆ ಜಗಳ ತೆಗೀಲಿ? ಬರೀ ಕೇಳ್ತೀನಿ.”

ಶೆಡ್ಡಿನಲ್ಲಿ ವಾಪಸು ಬಂದ ಕಾರುಗಳು ಸಾಲಾಗಿ ನಿಂತಿದ್ದವು. ಕಾರು ತಪಾಸಣೆ ಮಾಡುವ ನಡುವಯಸ್ಸಿನವನು ಕೈಯಲ್ಲೊಂದು ಲೈಟು ಹಿಡಿದು ಬಂದ. ಅವನ ಮುಖದಲ್ಲೂ ಇವನದೇ ದಣಿವು. ಬೆಳಗಿನಿಂದ ಎಷ್ಟು ಜನರ ಬೈಗುಳ ತಿಂದಿದ್ದನೋ ಪಾಪ.

“ಅದು ರಸ್ತೆ ಕಲ್ಲು ಸಿಡಿದಿರೋದು,” ದಾರಿಯುದ್ದಕ್ಕೂ ಉರು ಹೊಡೆದಿದ್ದನ್ನು ಮಗ ಒಪ್ಪಿಸಿದ. “ಸಹಜವಾಗಿ ಸವೆದಿದ್ದಕ್ಕೆ ಚಾರ್ಜ್ ಹಾಕಲ್ಲ ಅಂತ ನಿಮ್ಮ ಕರಾರಲ್ಲೇ ಇದೆ.”

“ಹಾಗೆ ಕೇಳು!” ಎಂದ ಅಪ್ಪ.

ತಪಾಸಣೆಯವನು ಅವರನ್ನು ಕಾರಿನ ಎಡ ಮಗ್ಗುಲಿಗೆ ಕರೆದೊಯ್ದು ಲೈಟನ್ನು ಓರೆಯಾಗಿ ಹಿಡಿದ. “ನೋಡಿ ಸರ್. ಧೂಳಿದ್ದಾಗ ನಮಗೂ ಕಂಡಿರಲಿಲ್ಲ, ಪ್ರೆಷರ್ ನೀರಲ್ಲಿ ತೊಳೆದ ಮೇಲೆ ಕಾಣಿಸ್ತು. ಅಂಗೈ ಅಗಲದಷ್ಟು ಜಾಗ, ಅಷ್ಟೇ. ಕಲ್ಲಾಗಿದ್ರೆ ಅಲ್ಲೊಂದು ಇಲ್ಲೊಂದು ಬೀಳಬೇಕಿತ್ತು. ಒಂದೇ ಕಡೆ ಬಂದು ಬೀಳುತ್ತಾ? ಇದು ಯಾರೋ ಕಬ್ಬಿಣದ್ದೋ ಏನೋ ಹಿಡ್ಕೊಂಡು ಕುಟ್ಟಿರೋದು. ದಿನಾ ಕುಟ್ಟಿರೋದು.”

ಹಿಂದಿನ ಚಕ್ರದ ಮೇಲೆ, ನಿಂತ ಮನುಷ್ಯನ ಕೈಗೆ ಸಲೀಸಾಗಿ ಎಟಕುವ ಎತ್ತರ.

ಮಗ ತಿರುಗಿ ನೋಡಿದ. ಅಪ್ಪನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿತ್ತು. ಚಿಲ್ಲರೆ ಕೊಟ್ಟು ಕೊಟ್ಟು ಬದುಕಿದ ಕೈ. ಜೇಬಿನಲ್ಲಿ ಸದಾ ಒಂದು ನಾಣ್ಯ, ಬಸ್ಸಿನ ಮೈಗೆ ಕುಟ್ಟುತ್ತಿದ್ದುದೂ ಅಂಥದ್ದೇ ನಾಣ್ಯ. ಬಸ್ಸಿನ ದಪ್ಪ ತಗಡು ತಡೆದುಕೊಂಡಿತ್ತು, ಈ ಕಾರು ತಡೆದುಕೊಳ್ಳಲಿಲ್ಲ. ಮೂರು ವರ್ಷ ಆ ಸದ್ದು ಕೇಳಿಕೊಂಡೇ ಓಡಿಸಿದವನು ಒಮ್ಮೆಯೂ ಇಳಿದು ಬಂದು ನೋಡಿರಲಿಲ್ಲವಲ್ಲ! ಅಪ್ಪನ ಮುಖ ಸುಣ್ಣವಾಗಿತ್ತು. ಹೇಳಿಬಿಡಲು ಬಾಯಿ ತೆರೆದ.

“ಹೌದು,” ಎಂದ ಮಗ ಗಡಬಡಿಸಿ. “ನಂದೇ ತಪ್ಪು. ಟೂಲ್ ಬ್ಯಾಗ್ ಇಡುವಾಗ ತಗಲಿರುತ್ತೆ. ಡಿಪಾಜಿಟ್ಟಲ್ಲೇ ಹಿಡ್ಕೊಳ್ಳಿ, ಎಲ್ಲಿ ಸಹಿ ಹಾಕ್ಬೇಕು?”

ತಪಾಸಣೆಯವನಿಗೆ ಇಷ್ಟು ಸುಲಭದ ಗಿರಾಕಿ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಸಹಿ ಹಾಕಿಸಿಕೊಂಡು, ಸಮಾಧಾನಕ್ಕೆಂಬಂತೆ ಹೇಳಿದ: “ಅದೊಂದು ಬಿಟ್ರೆ ಎಲ್ಲೂ ಒಂದು ಗೀರಿಲ್ಲ ಸರ್ ಗಾಡಿ ಮೇಲೆ. ಚೆನ್ನಾಗಿ ಇಟ್ಕೊಂಡಿದ್ರಿ.”

ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಓಣಿಯ ನಿಲ್ದಾಣ ಹತ್ತಿರ ಬಂದಾಗ ಮೆಲ್ಲಗೆ ಹೇಳಿದ: “ಟೂಲ್ ಬ್ಯಾಗು ನೀನು ಬಲಗಡೆ ಇಡ್ತಿದ್ದೆ.”

“ಎಲ್ಲೂ ಒಂದು ಗೀರಿಲ್ಲ ಅಂದ, ಕೇಳಿಸ್ತಾ? ಆ ಓಣಿಯಲ್ಲಿ! ಅದು ಯಾರಿಂದಪ್ಪ?”

“ನಿನ್ನ ಕಾರಿನ ದುಡ್ಡು ನಾನೇ ತಿಂದ್ಹಾಕಿದೆನಲ್ಲೋ.”

ಅಷ್ಟರಲ್ಲಿ ಇಳಿಯುವ ಜಾಗ ಬಂತು.

ಮರುದಿನ ಬೆಳಿಗ್ಗೆ ಅವನು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆ ಸ್ಕೂಟರನ್ನು ಒರೆಸಿ, ಟೂಲ್ ಬ್ಯಾಗ್ ಕಟ್ಟಿ ಓಣಿಗೆ ಇಳಿಸಿದ. ಸ್ಕೂಟರಿಗೆ ಹಿಮ್ಮುಖದ ಹಂಗೇನು, ಮುಂದಿನ ಚಕ್ರ ತಿರುಗಿಸಿದರೆ ಸಾಕು. ಆದರೂ ಅವನು ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಮೇಲೆ ಕುಳಿತು, ಒಳಗೆ ಕೂಗಿದ: “ಅಪ್ಪಾ, ಹೊತ್ತಾಯ್ತು! ಹಿಂದೆ ಯಾರಾದ್ರೂ ಇದಾರಾ ನೋಡು!”

“ಸ್ಕೂಟರಿಗೂ ರೈಟ್ ಹೇಳಬೇಕೇನೋ?”

“ಚರಂಡಿ ಇದೆಯಲ್ಲ.”

ಚಪ್ಪಲಿಯ ಸದ್ದು ಹಿಂದೆ ಬಂದು ನಿಂತಿತು. ಅಪ್ಪ ಗಡ್ಡ ಬೋಳಿಸಿರಲಿಲ್ಲ, ಅಂಗಿಗೆ ಇಸ್ತ್ರಿಯೂ ಇರಲಿಲ್ಲ. ಕನ್ನಡಿಯಲ್ಲಿ ಮಗನಿಗೆ ಕಂಡದ್ದು ಅವನ ಕೈ ಮಾತ್ರ. ರೂಢಿಯಂತೆ ಜೇಬಿಗೆ ಹೋಯಿತು, ಬರಿಗೈಯಾಗಿ ಹೊರಬಂತು. ಆಮೇಲೆ ಅಪ್ಪ ಬಗ್ಗಿ, ಸೀಟಿನ ಕೆಳಗಿನ ತಗಡಿಗೆ ಬೆರಳ ತುದಿಯನ್ನು ಎರಡು ಸಲ ತಾಗಿಸಿದ. ಬಣ್ಣಕ್ಕೆ ನೋವಾದೀತೆಂಬಷ್ಟು ಮೆಲ್ಲಗೆ. ಸದ್ದೇ ಬರಲಿಲ್ಲ.

“ಕೇಳಿಸ್ತಪ್ಪಾ,” ಎಂದು ಮಗ ಕಾಲೂರಿ ಸ್ಕೂಟರನ್ನು ಹಿಂದಕ್ಕೆ ತಳ್ಳಿದ.